ಪಾಲಕ್ಕನ ಸಮಪಾಲು

ಆಕೆಗೆ ಹುಟ್ಟಿದಾಗ ಇಟ್ಟ ಹೆಸರೊಂದಿತ್ತು. ಅದೀಗ ಕಚೇರಿಯ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಮಿಕ್ಕಂತೆ ಮನೆಯವರಿಗೆ, ಬೀದಿಯವರಿಗೆ, ಜೊತೆ ಕೆಲಸದವರಿಗೆ, ಕೊನೆಗೆ ಹಾಲು ಹಾಕುವವನಿಗೂ ಆಕೆ ಪಾಲಕ್ಕ. ಸೊಪ್ಪಿಗೂ ಆ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಕಚೇರಿಗೆ ಹೊಸದಾಗಿ ಸೇರಿದವರು ಯಾರಾದರೂ "ಪಾಲಕ್ ಕಟ್ಟಿಗೆ ಎಷ್ಟು ಮೇಡಂ?" ಎಂದು ಹಲ್ಲು ಬಿಡುವುದುಂಟು. ಆಕೆ ತಲೆ ಎತ್ತದೆ, "ಕೊಳೆತದ್ದು ನಿಮಗೆ ಪುಕ್ಕಟೆ, ತಗೊಂಡ್ಹೋಗಿ" ಎಂದು ಹೇಳಿ ಕೆಲಸ ಮುಂದುವರಿಸುವುದೂ ಉಂಟು.

ಹೆಸರು ಬಂದದ್ದು ಬನ್ನಿನಿಂದ. ಅಪ್ಪ ಬೇಗ ತೀರಿಕೊಂಡ ಮನೆ ಅದು. ಅಮ್ಮ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬರುವಾಗ ಬೇಕರಿಯಿಂದ ಬನ್ನು ತರುತ್ತಿದ್ದಳು. ಬನ್ನು ಒಂದು, ಬಾಯಿ ಮೂರು: ಈಕೆ, ಈಕೆಯ ತಮ್ಮ, ಅವನ ಕೆಳಗಿನ ತಂಗಿ. ಚಾಕು ಹಿಡಿಯುವ ವಯಸ್ಸು ಈಕೆಗೆ ಮಾತ್ರ ಬಂದಿತ್ತು. ಅಮ್ಮ ಹಾಕಿದ ಕಟ್ಟಳೆ ಒಂದೇ, ಕತ್ತರಿಸಿದವರು ಕೊನೆಗೆ ತೆಗೆದುಕೊಳ್ಳಬೇಕು. ಅಂದ ಮೇಲೆ ಕೇಳಬೇಕೆ? ತಮ್ಮ, ತಂಗಿ ಇಬ್ಬರೂ ಬನ್ನಿನ ಮೇಲೆ ಹದ್ದಿನ ಕಣ್ಣಿಟ್ಟು ಕೂರುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ದೊಡ್ಡದು ಅವರ ಕೈಗೆ, ಉಳಿದದ್ದು ಈಕೆಯ ಬಾಯಿಗೆ. ಹೀಗೆ ಹೊಟ್ಟೆಪಾಡಿಗೆ ಕಲಿತ ಲೆಕ್ಕ ಎಷ್ಟು ಪಕ್ಕಾ ಆಯಿತೆಂದರೆ, ಅಕ್ಕಪಕ್ಕದ ಮನೆಗಳಲ್ಲಿ ಮಕ್ಕಳು ತಿಂಡಿಗೆ ಜುಟ್ಟು ಹಿಡಿದುಕೊಂಡಾಗ "ಪಾಲಕ್ಕನ್ನ ಕರೀರಿ" ಎನ್ನುವುದು ರೂಢಿಯಾಯಿತು.

ದೊಡ್ಡವಳಾದ ಮೇಲೆ ಸಿಕ್ಕ ಕೆಲಸವೂ ಹಂಚುವುದೇ. ಹಣೆಬರಹ ಎನ್ನುವುದು ಕೆಲವೊಮ್ಮೆ ತಮಾಷೆಯಾಗಿಯೂ ಬರೆದಿರುತ್ತದೆ.

ಆಕೆಯ ಕಚೇರಿ ಇರುವುದು ಕಾಡಿನ ಬೆಂಕಿಯ ಲೆಕ್ಕಕ್ಕೆ. ಎಲ್ಲೋ ಬೆಟ್ಟದಲ್ಲಿ ಕಿಡಿ ಬಿತ್ತು ಎನ್ನಿ. ಗಾಳಿ ಎತ್ತ, ಇಳಿಜಾರು ಎತ್ತ, ಒಣಹುಲ್ಲು ಎಲ್ಲಿ, ಹಸಿಮರ ಎಲ್ಲಿ ಎಂದು ನೋಡಿ, ಸಂಜೆಯೊಳಗೆ ಬೆಂಕಿ ಯಾವ ಕಣಿವೆಗೆ ಇಳಿಯುತ್ತದೆ ಎಂದು ಮುಂಚೆಯೇ ಹೇಳಬೇಕು. ಬೆಂಕಿ ಆರಿಸುವವರು ಅದನ್ನು ನೋಡಿಕೊಂಡು ಎದುರು ಹೋಗಿ ನಿಲ್ಲುತ್ತಾರೆ. ಇಷ್ಟು ದೊಡ್ಡ ಲೆಕ್ಕವನ್ನು ಒಂದೇ ಕಂಪ್ಯೂಟರಿಗೆ ಕೊಟ್ಟರೆ, ಉತ್ತರ ಬರುವ ಹೊತ್ತಿಗೆ ಕಾಡು ಬೂದಿಯಾಗಿ ಆರಿರುತ್ತದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ? ಅದಕ್ಕೇ ತಣ್ಣನೆಯ ದೊಡ್ಡ ಕೋಣೆಯೊಂದರಲ್ಲಿ ನೂರಾರು ಕಂಪ್ಯೂಟರುಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟಿದ್ದಾರೆ. ಕಾಡಿನ ನಕ್ಷೆಯನ್ನು ಚೌಕ ಚೌಕವಾಗಿ ಕತ್ತರಿಸಿ ಒಂದೊಂದಕ್ಕೆ ಒಂದಿಷ್ಟು ಕೊಡುತ್ತಾರೆ. ಎಲ್ಲವೂ ಒಟ್ಟಿಗೆ ಲೆಕ್ಕ ಮಾಡುತ್ತವೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎನ್ನುತ್ತಾರಲ್ಲ, ಅಷ್ಟೇ ಸಂಗತಿ.

ಅಷ್ಟೇ ಎಂದರೂ ಅದರಲ್ಲಿ ಒಂದು ಪೇಚು ಇದೆ. ಬೆಂಕಿ ಚೌಕದ ಗೆರೆ ನೋಡಿ ನಿಲ್ಲುವುದಿಲ್ಲ. ಹಾಗಾಗಿ ಲೆಕ್ಕದ ಪ್ರತಿ ಹೆಜ್ಜೆಗೂ ಕಂಪ್ಯೂಟರುಗಳು ಅಕ್ಕಪಕ್ಕದವನ್ನು "ನಿನ್ನ ಅಂಚಿಗೆ ಬೆಂಕಿ ಬಂತಾ?" ಎಂದು ಕೇಳಬೇಕು. ಎಲ್ಲವೂ ಮುಗಿಸಿದ ಮೇಲೆಯೇ ಮುಂದಿನ ಹೆಜ್ಜೆ. ಒಂದು ಹಿಂದುಳಿದರೆ ಮಿಕ್ಕವು ಕೈಕಟ್ಟಿ ಕೂರಬೇಕು. ಪಾಲಕ್ಕ ಅವುಗಳನ್ನು ಆಳುಗಳು ಎಂದೇ ಕರೆಯುವುದು. ಆಕೆ ಸೇರಿದ ಹೊಸದರಲ್ಲಿ ನಕ್ಷೆಯನ್ನು ಬರೀ ಅಗಲ ನೋಡಿ ಹಂಚುತ್ತಿದ್ದರು. ಕೆರೆ ಬಿದ್ದ ಚೌಕಕ್ಕೂ ಬೆಂಕಿ ಬಿದ್ದ ಚೌಕಕ್ಕೂ ಒಂದೇ ಅಳತೆ. "ಇದ್ಯಾವ ನ್ಯಾಯ ಸಾರ್? ಒಬ್ಬ ಆಳು ಬೆವರು ಸುರಿಸ್ತಾನೆ, ಪಕ್ಕದವನು ನೊಣ ಹೊಡೀತಾನೆ" ಎಂದು ಆಕೆ ಮುಖ್ಯಸ್ಥರ ಹತ್ತಿರ ಜಗಳವಾಡಿ, ಕೆಲಸದ ಭಾರ ನೋಡಿ ಹಂಚುವ ಕ್ರಮ ತಂದಳು. ಗೋಡೆಯ ಮೇಲಿನ ಪರದೆಯಲ್ಲಿ ಪ್ರತಿ ಆಳಿಗೂ ಒಂದು ಹಸಿರು ಪಟ್ಟಿ, ಕೆಲಸ ಹೆಚ್ಚಿದಷ್ಟೂ ಎತ್ತರ. ಪಟ್ಟಿಗಳೆಲ್ಲ ಒಂದೇ ಎತ್ತರಕ್ಕೆ ನಿಂತರೆ ಪಾಲಕ್ಕನ ಮುಖವೂ ಹಸಿರು. ಆಮೇಲೆ ಆ ದಿನ ಆಕೆಯನ್ನು ಯಾರು ಏನು ಕೇಳಿದರೂ ಇಲ್ಲ ಎನ್ನುವುದಿಲ್ಲ.

ಈಗ ಮನೆಯ ವಿಷಯ. ಅಮ್ಮ ಇದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವುತ್ತೇವೆ ಎಂದರು. ಅದೇ ಹೊತ್ತಿಗೆ ಅಮ್ಮನ ಕಣ್ಣೂ ಕೈಕೊಡತೊಡಗಿತ್ತು. ಕಣ್ಣಿನ ನರ ಒಣಗುತ್ತಿದೆ, ಇನ್ನು ಬೆಳಕು ನೆರಳು ಮಾತ್ರ ಎಂದು ವೈದ್ಯರು ಹೇಳಿಬಿಟ್ಟರು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ಮಕ್ಕಳು "ನಿನ್ನ ಮನೆಗೆ, ನಿನ್ನ ಮನೆಗೆ" ಎಂದು ತಳ್ಳಾಡುವುದನ್ನು ನೋಡಿದ್ದೇವೆ. ಇಲ್ಲಿ ಉಲ್ಟಾ. ಮೂವರಿಗೂ ಅಮ್ಮ ಬೇಕು! ತಮ್ಮನದು ಕನ್ನಡಕದ ಅಂಗಡಿ. "ಊರಿಗೆಲ್ಲ ಕಣ್ಣು ಹೊಂದಿಸಿಕೊಡ್ತೀನಿ, ಅಮ್ಮನಿಗೆ ಕೊಡೋಕಾಗ್ಲಿಲ್ಲ. ಇಟ್ಕೊಂಡು ನೋಡ್ಕೊಳ್ಳೋದಾದ್ರೂ ಬೇಡ್ವಾ?" ಎಂದು ಅವನು ಕಣ್ಣೊರೆಸಿಕೊಂಡ. ತಂಗಿ ಮನೆಯಲ್ಲೇ ಮಕ್ಕಳ ಬಟ್ಟೆ ಹೊಲಿಯುವವಳು; "ನಾನು ಇಡೀ ದಿನ ಮನೇಲೇ ಇರ್ತೀನಲ್ಲ, ನಿಮ್ಮಿಬ್ರ ಮನೇಲಿ ಹಗಲು ಯಾರಿದಾರೆ?" ಎಂದಳು. ಹಿರಿಯವಳು ನಾನು ಎಂಬುದು ಪಾಲಕ್ಕನ ವಾದ.

ಮಾತಿಗೆ ಮಾತು ಬೆಳೆದು ಕೊನೆಗೆ ಎಲ್ಲರೂ ಪಾಲಕ್ಕನ ಮುಖ ನೋಡಿದರು. ಆಕೆ ಒಂದು ನಿಮಿಷವೂ ಯೋಚಿಸಲಿಲ್ಲ. ಮೂರು ಮನೆ, ಮೂರು ಮೂರು ತಿಂಗಳು, ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿಯಿಲ್ಲ. ಹಂಚಿದವಳು ತಾನಾದ್ದರಿಂದ ಕೊನೆಯ ಸರದಿ ತನ್ನದು. ತಮ್ಮ, ತಂಗಿ ಇಬ್ಬರೂ ಒಪ್ಪಿದರು. ನೆಂಟರೆಲ್ಲ "ಮಕ್ಕಳು ಅಂದ್ರೆ ಹೀಗಿರಬೇಕು" ಎಂದು ಹೊಗಳಿದ್ದೇ ಹೊಗಳಿದ್ದು. ಅಮ್ಮನನ್ನೂ ಕೇಳಿದರೆನ್ನಿ. "ನೀವು ಜಗಳ ಆಡದೇ ಇದ್ರೆ ಸರಿ ಕಣ್ರಪ್ಪ" ಎಂದು ಅಮ್ಮ ತನ್ನ ನೀಲಿ ಚೀಲಕ್ಕೆ ಬಟ್ಟೆ ತುಂಬಿದಳು, ಮೇಲೆ ಹಳೆಯ ಗುಂಡಿ ಡಬ್ಬಿಯನ್ನಿಟ್ಟು ಜಿಪ್ ಎಳೆದಳು.

ಮೊದಲ ಸುತ್ತು ಚೆನ್ನಾಗಿಯೇ ನಡೆಯಿತು. ಕಣ್ಣು ಕಾಣದವರಿಗೆ ಮನೆ ಎಂದರೆ ಏನೆಂದು ನಮಗೆ ನಿಮಗೆ ಸುಲಭಕ್ಕೆ ತಿಳಿಯದು. ಗೋಡೆ ಎಲ್ಲಿ ತಿರುಗುತ್ತದೆ, ಹೊಸ್ತಿಲು ಎಷ್ಟು ಎತ್ತರ, ಸ್ವಿಚ್ಚು ಯಾವ ಕಡೆ, ಬಿಸಿನೀರಿನ ನಲ್ಲಿ ಎಡಗಡೆಯದೋ ಬಲಗಡೆಯದೋ, ಎಲ್ಲವನ್ನೂ ಅಂಗೈ ಅಂಗಾಲಿನಲ್ಲಿ ಬರೆದುಕೊಳ್ಳಬೇಕು. ಅಮ್ಮ ಬರೆದುಕೊಂಡಳು. ತಮ್ಮನ ಮನೆಯಲ್ಲಿ ಬಚ್ಚಲು ಎಡಕ್ಕೆ, ತಂಗಿಯ ಮನೆಯಲ್ಲಿ ಬಲಕ್ಕೆ, ಪಾಲಕ್ಕನ ಮನೆಯಲ್ಲಿ ಎರಡು ಮೆಟ್ಟಿಲು ಇಳಿದು ಹಿಂದಕ್ಕೆ. ಒಂದು ಮನೆ ಕೈಗೆ ಹತ್ತಿತು ಎನ್ನುವಷ್ಟರಲ್ಲಿ ನೀಲಿ ಚೀಲ ಹೊರಡುತ್ತಿತ್ತು. ಮತ್ತೆ ಆ ಮನೆಗೆ ಬರುವ ಹೊತ್ತಿಗೆ ಅಂಗೈಯ ಬರಹ ಅಳಿಸಿಹೋಗಿರುತ್ತಿತ್ತು, ಇಲ್ಲವೇ ಯಾರೋ ಕುರ್ಚಿಯ ಜಾಗ ಬದಲಿಸಿರುತ್ತಿದ್ದರು.

ಎರಡನೆಯ ಸುತ್ತಿನಲ್ಲಿ ಪಾಲಕ್ಕನ ಮನೆಯಲ್ಲೇ ಅರ್ಧ ತೆರೆದಿದ್ದ ಕಪಾಟಿನ ಬಾಗಿಲು ಬಡಿದು ಅಮ್ಮನ ಹಣೆ ಬಾತುಕೊಂಡಿತು. ಪಾಲಕ್ಕ ಅಯ್ಯೋ ಅಯ್ಯೋ ಎಂದು ಮಂಜುಗಡ್ಡೆ ಹಿಡಿದು ಕೂತರೆ ಅಮ್ಮ ನಗುತ್ತಿದ್ದಳು. "ಬೆಕ್ಕು ಮರಿಗಳನ್ನ ಏಳು ಮನೆ ತಿರುಗಿಸುತ್ತಂತೆ. ನಮ್ಮಲ್ಲಿ ಮರಿಗಳೇ ಸೇರ್ಕೊಂಡು ಬೆಕ್ಕನ್ನ ತಿರುಗಿಸ್ತಾ ಇದಾವೆ ನೋಡು" ಎಂದಳು. ಪಾಲಕ್ಕನೂ ನಕ್ಕಳು. ಎಂಥಾ ಒಳ್ಳೆಯ ಮಾತು ಎಂದು ಅದನ್ನು ತಮ್ಮನಿಗೂ ತಂಗಿಗೂ ಫೋನಿನಲ್ಲಿ ಹೇಳಿ ನಗಿಸಿದಳು. ಒಬ್ಬರಿಗೂ ಅದು ಬರೀ ನಗುವ ಮಾತಲ್ಲ ಎಂದು ಹೊಳೆಯಲಿಲ್ಲ.

ಮೂರನೆಯ ಸುತ್ತಿಗೆ ಅಮ್ಮ ಚೀಲ ಬಿಚ್ಚುವುದನ್ನೇ ಬಿಟ್ಟಳು. ಬೇಕಾದ ಸೀರೆಯನ್ನು ಚೀಲದಿಂದಲೇ ಎಳೆದುಕೊಳ್ಳುವುದು, ಒಗೆದದ್ದನ್ನು ಮತ್ತೆ ಚೀಲಕ್ಕೇ ತುರುಕುವುದು. ಓಡಾಟ ಕಮ್ಮಿಯಾಯಿತು. ಕಿಟಕಿ ಪಕ್ಕದ ಕುರ್ಚಿ ಹಿಡಿದು ಕೂತರೆ ಹೆಚ್ಚಾಗಿ ಯಾರಾದರೂ ಕೈಹಿಡಿದು ಎಬ್ಬಿಸುವವರೆಗೆ ಅಲ್ಲೇ. ಬಚ್ಚಲಿಗೆ ಹೋಗಬೇಕೆಂದರೂ ಸಂಕೋಚಪಟ್ಟುಕೊಂಡು ಕಾಯುವುದು. ಕಾಲು ಊದಿಕೊಂಡಾಗ ವೈದ್ಯರ ಹತ್ತಿರ ಕರೆದೊಯ್ದರು. ಅವರು ಅಮ್ಮನನ್ನು ಹೊರಗೆ ಕೂರಿಸಿ ಮಕ್ಕಳಿಗೆ ಹೇಳಿದರು: "ಕಣ್ಣಿನ ಕಥೆ ಗೊತ್ತಿದ್ದದ್ದೇ. ನನಗೆ ಚಿಂತೆ ಇರೋದು ಕಾಲಿನದು. ಹೀಗೇ ಕೂತೇ ಇದ್ರೆ ಬೇಗ ಹಾಸಿಗೆ ಹಿಡೀತಾರೆ. ಈ ವಯಸ್ಸಲ್ಲಿ ಒಮ್ಮೆ ಹಾಸಿಗೆ ಹಿಡಿದ್ರೆ ಏಳೋದು ಕಷ್ಟ. ಹೇಗಾದ್ರೂ ಮಾಡಿ ನಡೆಸಿ."

ಹೊರಗೆ ಬಂದದ್ದೇ ತಡ, ಜಗಳ ಶುರು.

"ನಿಮ್ಮ ಮನೇಲಿ ಯಾರೂ ಅಮ್ಮನ್ನ ಎಬ್ಬಿಸೋದೇ ಇಲ್ಲ, ಅದಕ್ಕೇ ಹೀಗಾಗಿದ್ದು" ಎಂದಳು ತಂಗಿ, ಅಣ್ಣನಿಗೆ.

"ನಿನ್ನ ಮನೇಲಿ ಎಬ್ಬಿಸಿದ್ರೆ ನಡೆಯೋಕೆ ಜಾಗ ಎಲ್ಲಿದೆ? ಎರಡು ಕೋಣೆ, ಅದರಲ್ಲೊಂದರ ತುಂಬ ಬಟ್ಟೆ" ಎಂದ ಅವನು.

"ಸುಮ್ನಿರ್ರೋ" ಎಂದಳು ಪಾಲಕ್ಕ. "ಮೂರು ತಿಂಗಳು ಜಾಸ್ತಿ ಆಯ್ತು. ಯಾರ ಮನೇಲಿ ತೊಂದ್ರೆ ಅಂತ ಗೊತ್ತಾಗೋ ಹೊತ್ತಿಗೆ ಕಾಲ ಮೀರಿರುತ್ತೆ. ಇನ್ಮೇಲೆ ಒಂದೊಂದೇ ತಿಂಗಳು ಇಟ್ಕೊಳ್ಳೋಣ. ಆಗ ಎಲ್ರ ಕಣ್ಣೂ ಅಮ್ಮನ ಮೇಲೆ ಇರುತ್ತೆ."

ಪಾಲು ಸರಿಹೋಗದಿದ್ದರೆ ಇನ್ನೂ ಸಣ್ಣಗೆ ಕತ್ತರಿಸಬೇಕು! ಪಾಲಕ್ಕನಿಗೆ ಬಿಟ್ಟು ಇನ್ಯಾರಿಗೆ ಇಂಥ ಬುದ್ಧಿ ಬಂದೀತು? ಆಕೆಯ ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಮ್ಮಿ. ಆ ರಾತ್ರಿ ಊಟದ ಹೊತ್ತಿಗೆ ಇಷ್ಟೇ ಹೇಳಿದ: "ಅತ್ತೆನೂ ನಮ್ಮ ಲಿಫ್ಟೂ ಒಂದೇ ಆದ್ರು ಬಿಡು. ಯಾವ ಮಹಡೀಲೂ ನಿಲ್ಲೋ ಹಾಗಿಲ್ಲ." ಪಾಲಕ್ಕ "ನಿಮಗೆ ಎಲ್ಲದರಲ್ಲೂ ತಮಾಷೆ" ಎಂದು ಮೂಗು ಮುರಿದಳು.

ಒಂದೊಂದು ತಿಂಗಳ ಸರದಿ ಶುರುವಾದ ಮೇಲೆ ಅಮ್ಮ ಮಾತನ್ನೂ ಕಮ್ಮಿ ಮಾಡಿದಳು. ತಮ್ಮನ ಮನೆಗೆ ಹೋದ ಹೊಸದರಲ್ಲಿ ಒಂದು ಬೆಳಿಗ್ಗೆ ಅವನು ಕಾಫಿ ಕೊಡಲು ಹೋದರೆ, "ಇದು ಯಾರ ಮನೆ?" ಎಂದು ಕೇಳಿದಳಂತೆ. ಬುದ್ಧಿ ಚುರುಕಾಗಿಯೇ ಇದ್ದ ಹೆಂಗಸು. ಎದ್ದಾಗ ಕೈಗೆ ಯಾವ ಗೋಡೆ ಸಿಗುತ್ತದೆ ಎಂದು ತಿಳಿಯದೆ ಕೇಳಿದ್ದಷ್ಟೆ. ಅವನು ಅಂಗಡಿಗೆ ಹೋಗಿ, ಬಾಗಿಲು ತೆರೆಯದೆ ಒಳಗೆ ಕೂತು ಅತ್ತುಬಿಟ್ಟನಂತೆ. ಇದನ್ನು ಅವನು ಅಕ್ಕನಿಗೆ ಹೇಳಲಿಲ್ಲ. ಅವನ ಹೆಂಡತಿ ಹೇಳಿದಳು.

ಆ ತಿಂಗಳ ಕೊನೆಯ ವಾರ ಕಚೇರಿಯಲ್ಲೂ ಒಂದು ರಗಳೆ. ಬೇಸಿಗೆಯ ಕಾವು ಏರಿ, ಬೆಟ್ಟಗಳಲ್ಲಿ ನಾಲ್ಕಾರು ಕಡೆ ಬೆಂಕಿ ಎದ್ದಿತ್ತು. ಪಾಲಕ್ಕ ಆ ವರ್ಷ ಹಂಚಿಕೆಗೆ ಹೊಸ ಸೊಗಸು ತಂದಿದ್ದಳು. ಮೊದಲು ಲೆಕ್ಕದ ಆರಂಭದಲ್ಲಿ ಒಮ್ಮೆ ಹಂಚಿ ಸುಮ್ಮನಾಗುತ್ತಿದ್ದರು. ಈಗ ಲೆಕ್ಕ ನಡೆಯುತ್ತಿರುವಾಗಲೇ, ಯಾವ ಆಳಿಗೆ ಭಾರ ಹೆಚ್ಚಾಯಿತೋ ಅವನ ಚೌಕವನ್ನು ಕಿತ್ತು ಬಿಡುವಾಗಿರುವವನಿಗೆ ಕೊಡುವುದು. ಕ್ಷಣಕ್ಷಣಕ್ಕೂ ಕಿತ್ತು ಕೊಡುವುದು. ಪರದೆಯ ಹಸಿರು ಪಟ್ಟಿಗಳು ನೀರು ನಿಂತ ಹಾಗೆ ಸಮವಾಗಿ ನಿಂತಿದ್ದವು. ಆಕೆ ತನ್ನ ಜೀವನದಲ್ಲೇ ಇಷ್ಟು ಸಮವಾಗಿ ಹಂಚಿರಲಿಲ್ಲ.

ಮುಖ್ಯಸ್ಥರು ಬಂದು ಪರದೆಯ ಮುಂದೆ ನಿಂತರು. ದಪ್ಪ ಮೀಸೆಯ, ಮೆತ್ತನೆಯ ಮಾತಿನ ಮನುಷ್ಯ. "ಪಟ್ಟಿ ಎಲ್ಲಾ ಸಮ ಇದೆ ಪಾಲಕ್ಕ. ಕಣ್ಣಿಗೆ ಹಬ್ಬ. ಆದ್ರೆ ಉತ್ತರ ಯಾಕ್ರೀ ಹೋದ ವರ್ಷಕ್ಕಿಂತ ನಿಧಾನ ಬರ್ತಾ ಇದೆ? ಬೆಂಕಿಯವರು ಫೋನ್ ಮೇಲೆ ಫೋನ್ ಮಾಡ್ತಿದಾರೆ."

"ಆಳುಗಳಲ್ಲಿ ಒಬ್ಬನೂ ಸುಮ್ನೆ ಕೂತಿಲ್ಲ ಸಾರ್."

"ಕೂತಿಲ್ಲ, ಸರಿ. ಮಾಡ್ತಿರೋದೇನು ಅಂತ ಸ್ವಲ್ಪ ನೋಡಿ."

ಆಕೆ ಕೂತು ನೋಡಿದಳು. ಪಟ್ಟಿ ಎಷ್ಟು ಎತ್ತರ ಇದೆ ಎಂದು ನೋಡುವುದನ್ನು ಬಿಟ್ಟು, ಆ ಪಟ್ಟಿಯೊಳಗೆ ಏನು ತುಂಬಿದೆ ಎಂದು ಬಿಡಿಸಿ ನೋಡಿದಳು. ಲೆಕ್ಕ ಮಾಡುವುದಕ್ಕೆ ಹೋಗುತ್ತಿದ್ದ ಹೊತ್ತು ಅಷ್ಟಿಷ್ಟು. ಮಿಕ್ಕದ್ದೆಲ್ಲ ಹೊರುವುದಕ್ಕೆ, ಇಳಿಸುವುದಕ್ಕೆ. ಒಂದು ಚೌಕವನ್ನು ಒಬ್ಬನಿಂದ ಇನ್ನೊಬ್ಬನಿಗೆ ಕೊಡುವುದೆಂದರೆ ಬರೀ ಚೌಕ ಹೋಗುವುದಿಲ್ಲ. ಅದರ ಇಳಿಜಾರು, ಅದರ ಮರ, ಅದರ ಗಾಳಿ, ಇಷ್ಟು ಹೊತ್ತು ಅಲ್ಲಿ ಏನೇನಾಯಿತು ಎಂಬ ನೆನಪು, ಎಲ್ಲ ಗಂಟುಕಟ್ಟಿ ಹೋಗಬೇಕು. ಸುತ್ತಲಿನ ಚೌಕಗಳಿಗೆಲ್ಲ ಹೊಸ ವಿಳಾಸ ಹೇಳಬೇಕು. ತೆಗೆದುಕೊಂಡವನು ಗಂಟು ಬಿಚ್ಚಿ, ಎಲ್ಲವನ್ನೂ ಮತ್ತೆ ಕೈಗೆಟುಕುವಂತೆ ಜೋಡಿಸಿಕೊಳ್ಳಬೇಕು. ಜೋಡಿಸಿಕೊಂಡು ಇನ್ನೇನು ಕೆಲಸಕ್ಕೆ ಕೈಹಾಕಬೇಕು, ಅಷ್ಟರಲ್ಲಿ ಪಾಲಕ್ಕನ ಹೊಸ ಕ್ರಮ ಬಂದು, "ಏಳು, ಮುಂದಿನ ಮನೆಗೆ" ಎನ್ನುತ್ತಿತ್ತು.

ಒಂದು ಚೌಕವನ್ನು ಆಕೆ ಹಿಂಬಾಲಿಸಿಕೊಂಡು ಹೋದಳು. ಅದು ಬೆಳಗಿನಿಂದ ಯಾರ ಹತ್ತಿರವೂ ನೆಟ್ಟಗೆ ನಿಂತಿರಲಿಲ್ಲ. ಅದರ ಗಂಟು ಒಂದೆಡೆಯೂ ಪೂರ್ತಿ ಬಿಚ್ಚಿರಲಿಲ್ಲ.

ಪಾಲಕ್ಕನ ಕೈ ನಿಂತಿತು. ಜಿಪ್ ಎಳೆದ ನೀಲಿ ಚೀಲ ಕಣ್ಣ ಮುಂದೆ ಬಂತು. ಆಕೆ ಅಳುಬುರುಕಿ ಅಲ್ಲ, ಆದರೆ ಆಗ ಎದ್ದು ಹೋಗಿ, ಆ ತಣ್ಣನೆಯ ಕೋಣೆಯೊಳಗೆ ಕಪಾಟುಗಳ ನಡುವೆ ನಿಂತುಕೊಂಡಳು. ಫ್ಯಾನುಗಳ ಸದ್ದಿನಲ್ಲಿ ಯಾರ ಬಿಕ್ಕೂ ಹೊರಗೆ ಕೇಳುವುದಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಸಾವಿರ ಸಲ ಕೇಳಿದ್ದಳು. ಆ ಕತ್ತಲಲ್ಲಿ ತನ್ನ ಅಮ್ಮನೇ ತಡವರಿಸುತ್ತಿದ್ದಾಳೆ ಎಂದು ಗೊತ್ತಾಗಲು ಬೆಟ್ಟಕ್ಕೆ ಬೆಂಕಿ ಬೀಳಬೇಕಾಯಿತು.

ಬಂದು ಮುಖ ತೊಳೆದುಕೊಂಡು ಕೂತಳು. ತನ್ನ ಹೊಸ ಸೊಗಸನ್ನೆಲ್ಲ ತೆಗೆದುಹಾಕಿದಳು. ಚೌಕ ಇದ್ದಲ್ಲೇ ಇರಲಿ, ಭಾರ ಹೆಚ್ಚಾದ ಕಡೆ ಬಿಡುವಾಗಿರುವ ಆಳು ತಾನೇ ಹೋಗಿ ಕೈಜೋಡಿಸಲಿ ಎಂದು ತಿರುಗಿಸಿ ಬರೆದಳು. ಪಟ್ಟಿಗಳು ಏರುಪೇರಾದವು, ಕೆಲವಂತೂ ಹಲ್ಲು ಬಿದ್ದ ಬಾಚಣಿಗೆಯ ಹಾಗೆ ಕಂಡವು. ಉತ್ತರ ಮಾತ್ರ ಬೆಂಕಿಯವರು ಹೊರಡುವ ಮೊದಲೇ ಬಂತು. ಮುಖ್ಯಸ್ಥರು ಮೀಸೆ ನೀವಿಕೊಂಡು, "ಮೂಗಿಗಿಂತ ಮೂಗುತಿ ಭಾರ ಆಗಿತ್ತು ಅನ್ನಿ" ಎಂದರು.

"ಹೂಂ ಸಾರ್. ಮಧ್ಯಾಹ್ನ ರಜೆ ಬೇಕು."

"ಬೆಂಕಿ ಇದೆಯಲ್ರೀ..."

"ಇದಕ್ಕೆ ಇನ್ನು ನಾನು ಬೇಡ. ಅಮ್ಮನ್ನ ನೋಡಬೇಕು."

ಅಮ್ಮ ತಮ್ಮನ ಮನೆಯಲ್ಲಿದ್ದಳು. ಭಾನುವಾರ ತಂಗಿಯ ಮನೆಗೆ ಹೋಗುವ ಸರದಿ. ಒಳ್ಳೆಯ ಗಾಳಿ ಬರುವ ಕೋಣೆ, ಮೆತ್ತನೆಯ ಹಾಸಿಗೆ, ತಮ್ಮ ಒಂದಕ್ಕೂ ಕಮ್ಮಿ ಮಾಡಿರಲಿಲ್ಲ. ಅಮ್ಮ ಕುರ್ಚಿಯಲ್ಲಿ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು, ಬಸ್ಸು ಕಾಯುವವರ ಹಾಗೆ. ಭಾನುವಾರಕ್ಕೆ ಇನ್ನೂ ದಿನಗಳಿದ್ದವು.

ಪಾಲಕ್ಕ ಕಾಲ ಬುಡದಲ್ಲಿ ಕೂತಳು. "ಅಮ್ಮಾ, ನಿನಗೆ ಎಲ್ಲಿ ಇರೋಕೆ ಇಷ್ಟ? ನಿಜ ಹೇಳು."

"ಎಲ್ಲರ ಮನೆಯೂ ಚೆನ್ನಾಗೇ ಇದೆ."

"ಹಾಗಲ್ಲ. ಒಂದೇ ಕಡೆ ಇರೋದು ಅಂತಾದ್ರೆ?"

ಅಮ್ಮ ಚೀಲದ ಜಿಪ್ ಮೇಲೆ ಬೆರಳಾಡಿಸಿದಳು. "ನಾನು ಹೇಳಲ್ಲ ಕಣೇ. ಒಬ್ರ ಹೆಸರು ಹೇಳಿದ್ರೆ ಇನ್ನಿಬ್ರು ನೊಂದ್ಕೋತೀರ. ಮೂರೂ ನನ್ನ ಹೊಟ್ಟೇಲೇ ಹುಟ್ಟಿದ್ದು. ಹೆತ್ತೋಳ ಹತ್ರ ಇಂಥ ಪ್ರಶ್ನೆ ಕೇಳ್ತಾರಾ?"

ಪಾಲಕ್ಕ ಮತ್ತೆ ಕೇಳಲಿಲ್ಲ. ಬೇರೆ ಏನನ್ನೋ ಯೋಚಿಸುತ್ತಿದ್ದಳು. ತಂಗಿಯ ಆ ಎರಡು ಕೋಣೆಯ ಮನೆಗೆ ಹೋದಾಗಲೆಲ್ಲ ಬಾಗಿಲು ತೆರೆಯುತ್ತಿದ್ದವರು ಯಾರು? ಅಮ್ಮ. ಆಮೇಲಾಮೇಲೆ, ಸುಸ್ತಾದ ಮೇಲೂ, ಅಲ್ಲಿ ಮಾತ್ರ ಅಮ್ಮ ಕುರ್ಚಿಯಿಂದ ಏಳುತ್ತಿದ್ದಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷೀನು ದಿನವಿಡೀ ಕಟಕಟ ಎನ್ನುತ್ತಿತ್ತು. ಅದು ಬಲಕ್ಕೆ ಕೇಳಿದರೆ ಬಾಗಿಲು ಎದುರಿಗೆ, ಬೆನ್ನಿಗೆ ಕೇಳಿದರೆ ಅಡುಗೆಮನೆ. ಜೀವಮಾನವೆಲ್ಲ ಮೆಷೀನುಗಳ ಸದ್ದಿನಲ್ಲಿ ಕೆಲಸ ಮಾಡಿದವಳಿಗೆ ಆ ಸದ್ದೇ ಗೋಡೆ, ಆ ಸದ್ದೇ ದಾರಿ. ತನ್ನ ಮನೆಯಲ್ಲಿ ಇದ್ದದ್ದೇನು? ಹಗಲೆಲ್ಲ ಮೌನ, ಎರಡು ಮೆಟ್ಟಿಲು, ಮತ್ತು ಆ ಹಾಳು ಕಪಾಟು.

ಉತ್ತರ ಗೊತ್ತಾಯಿತು. ಗೊತ್ತಾಗಿದ್ದು ಸಂತೋಷದ ಉತ್ತರವೇನೂ ಅಲ್ಲ. ಹಿರಿಯವಳ ಪಾಲಿಗೆ ಏನೂ ಉಳಿಯಲಿಲ್ಲ ಎಂಬುದೇ ಆ ಉತ್ತರ.

ಸಂಜೆ ತಂಗಿಯನ್ನೂ ಕರೆಸಿ, ತಮ್ಮನ ಅಂಗಡಿಯಲ್ಲಿ ಮಾತಿಗೆ ಕೂತರು. ಗೋಡೆಯ ಮೇಲೆ ಚಿಕ್ಕ ದೊಡ್ಡ ಅಕ್ಷರಗಳ ಹಲಗೆ, ಸುತ್ತ ಖಾಲಿ ಕನ್ನಡಕಗಳು.

"ಅಮ್ಮ ಇನ್ಮೇಲೆ ಚಿಕ್ಕವಳ ಮನೇಲೇ ಇರ್ತಾಳೆ. ಎಲ್ಲೂ ಹೋಗಲ್ಲ" ಎಂದಳು ಪಾಲಕ್ಕ.

ತಂಗಿಯೇ ಬೆಚ್ಚಿದಳು. "ನನ್ನ ಮನೇಲಾ? ಅಣ್ಣ ಹೇಳಿದ ಹಾಗೆ ಜಾಗ ಎಲ್ಲಕ್ಕಾ?"

ತಮ್ಮನ ಮುಖ ಕೆಂಪಾಯಿತು. "ಅಂದ್ರೆ ಅಮ್ಮ ಅವಳ ಪಾಲಿಗೆ ಹೋದ ಹಾಗಾಯ್ತು. ನಾನೇನು ತಪ್ಪು ಮಾಡಿದೆ? ಕಮ್ಮಿ ನೋಡ್ಕೊಂಡ್ನಾ?"

"ಕಮ್ಮಿ ಮಾಡ್ಲಿಲ್ಲ ಕಣೋ. ತಪ್ಪು ನಿಂದಲ್ಲ, ಕತ್ತರಿಸಿದ್ದು ನಾನು" ಎಂದಳು ಪಾಲಕ್ಕ. "ಅಮ್ಮ ಏನು ಬನ್ನಾ, ಮೂರು ಮಾಡಿ ಹಂಚೋಕೆ? ಹಂಚೋದಿದ್ರೆ ಕೆಲಸ ಹಂಚ್ಕೊಳ್ಳೋಣ. ತಿರುಗೋದಿದ್ರೆ ನಾವು ತಿರುಗೋಣ, ನಮಗೆ ಕಣ್ಣಿದೆ, ಕಾಲಿದೆ. ನಿನ್ನ ಸರದಿ ಬಂದಾಗ ನೀನು ಅಲ್ಲಿ ಹೋಗಿರು, ನನ್ನ ಸರದಿಗೆ ನಾನು. ಚಿಕ್ಕವಳಿಗೂ ಬಿಡುವು ಸಿಗುತ್ತೆ. ಚೀಲ ಕಟ್ಟೋದು ಇನ್ಮೇಲೆ ನಮ್ಮ ಕೆಲಸ."

ತಮ್ಮ ಒಂದು ಕನ್ನಡಕ ತೆಗೆದು ಒರೆಸಿದ, ಇಟ್ಟ, ಮತ್ತೆ ತೆಗೆದು ಅದನ್ನೇ ಒರೆಸಿದ. "ಅವತ್ತು ಬೆಳಿಗ್ಗೆ ಇದು ಯಾರ ಮನೆ ಅಂತ ಕೇಳಿದ್ಲು ಅಕ್ಕ" ಎಂದ ಕೊನೆಗೆ.

"ಗೊತ್ತು."

"ಇವಳ ಮನೇಲಿ ಯಾವತ್ತಾದ್ರೂ ಹಾಗೆ ಕೇಳಿದಾಳಾ?"

ತಂಗಿ ಇಲ್ಲ ಎಂದು ತಲೆಯಾಡಿಸಿದಳು. ಅವನು ಕನ್ನಡಕವನ್ನು ಅದರ ಜಾಗದಲ್ಲಿಟ್ಟ. "ಹಾಗಾದ್ರೆ ಅಲ್ಲೇ ಇರಲಿ" ಎಂದ.

ನೆಂಟರಿಗೆ ಇದು ಹಿಡಿಸಲಿಲ್ಲ. ಮೊದಲು ಹೊಗಳಿದ ಬಾಯಿಗಳೇ, "ದೊಡ್ಡ ಮಗಳು, ಮಗ ಇಬ್ರೂ ಕೈತೊಳ್ಕೊಂಡ್ರಂತೆ, ಪಾಪ ಚಿಕ್ಕವಳ ತಲೆಗೆ ಕಟ್ಟಿದ್ರಂತೆ" ಎಂದವು. ಜನರ ಬಾಯಿಗೆ ಬೀಗ ಹಾಕಲಾದೀತೇ? ಪಾಲಕ್ಕ ಹಾಕಲೂ ಹೋಗಲಿಲ್ಲ. ತಂಗಿಯ ಮನೆಗೆ ಹೋಗಿ ಒಂದು ಕಟ್ಟುನಿಟ್ಟು ಮಾತ್ರ ಮಾಡಿ ಬಂದಳು: ಯಾವ ಸಾಮಾನನ್ನೂ ಅದರ ಜಾಗದಿಂದ ಕದಲಿಸಕೂಡದು, ಕಪಾಟಿನ ಬಾಗಿಲು ಅರ್ಧ ತೆರೆದು ಬಿಡಕೂಡದು, ಮೆಷೀನು ಈಗಿರುವ ಮೂಲೆಯಲ್ಲೇ ಇರಬೇಕು.

ಒಂದಷ್ಟು ತಿಂಗಳು ಕಳೆದು, ಪಾಲಕ್ಕನ ಸರದಿ ಬಂತು. ತಂಗಿ ಮಕ್ಕಳನ್ನು ಕರೆದುಕೊಂಡು ಗಂಡನ ತಾಯಿಯ ಊರಿಗೆ ಹೋಗಿದ್ದಳು. ಪಾಲಕ್ಕ ಕಚೇರಿ ಮುಗಿಸಿ, ಕೈಯಲ್ಲೊಂದು ಚೀಲ ಹಿಡಿದು, ದಾರಿಯಲ್ಲಿ ಬೇಕರಿಯಿಂದ ಒಂದು ಬನ್ನು ಕೊಂಡು ಹೋದಳು. ಬಾಗಿಲು ತಟ್ಟಿದ ಕೂಡಲೇ ಅಮ್ಮ ಬಂದು ತೆರೆದಳು. ಕಾಲಿನ ಊತ ಇಳಿದಿತ್ತು. ಮೆಷೀನಿನ ಪಕ್ಕ, ತಂಗಿ ಹೊಲಿದಿಟ್ಟು ಹೋಗಿದ್ದ ಪುಟ್ಟ ಅಂಗಿಗಳ ರಾಶಿ ಇತ್ತು. ಅಮ್ಮ ಬೆರಳಲ್ಲೇ ತೂತು ಹುಡುಕಿ ಒಂದೊಂದಕ್ಕೂ ಗುಂಡಿ ಹಾಕುತ್ತಿದ್ದಳು. ನೀಲಿ ಚೀಲ ಗೋಡೆಯ ಮೊಳೆಗೆ ನೇತುಬಿದ್ದಿತ್ತು, ಅದರ ತುಂಬ ಚಿಂದಿ ಬಟ್ಟೆ.

ಕತ್ತಲಾಗುವ ಹೊತ್ತಿಗೆ ಕರೆಂಟು ಹೋಯಿತು. ಪಾಲಕ್ಕ ಮೇಣದಬತ್ತಿ ಹುಡುಕಲು ಎದ್ದವಳು ಸ್ಟೂಲಿಗೆ ಎಡವಿ, ಬಾಗಿಲಚೌಕಟ್ಟಿಗೆ ಹಣೆ ಕುಟ್ಟಿಕೊಂಡು "ಅಮ್ಮಾ!" ಎಂದಳು.

"ಅಲ್ಲೇ ನಿಲ್ಲು, ಅಲ್ಲಾಡಬೇಡ" ಎಂದಿತು ಅಮ್ಮನ ದನಿ. ಬರಿಗಾಲ ಸಪ್ಪಳ ತಡೆಯಿಲ್ಲದೆ ಹತ್ತಿರ ಬಂತು. ಅಮ್ಮ ಮಗಳ ಮಣಿಕಟ್ಟು ಹಿಡಿದು ಅಡುಗೆಮನೆಗೆ ಕರೆದೊಯ್ದಳು. "ಇಲ್ಲಿ ಹೊಸ್ತಿಲಿದೆ, ಕಾಲೆತ್ತು. ಹೂಂ. ಎಡಕ್ಕೆ ಬಾ. ಕೂತ್ಕೋ." ಹಣೆ ಮುಟ್ಟಿ ನೋಡಿದಳು. "ಬಾತಿದೆ. ಹೊಸ ಮನೆ ಅಂದ್ರೆ ಹೀಗೇನೇ ಮಗಾ. ಎರಡು ದಿನ ಇರು, ಕೈಗೆ ಹತ್ತುತ್ತೆ."

"ತಪ್ಪಾಯ್ತಮ್ಮ" ಎಂದಳು ಪಾಲಕ್ಕ ಸಣ್ಣಗೆ. ಹಣೆ ಕುಟ್ಟಿಕೊಂಡದ್ದಕ್ಕಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಚೀಲ ಬಿಚ್ಚಿದ್ಯಾ?"

"ಇಲ್ಲ, ಆಮೇಲೆ..."

"ಆಮೇಲೆ ಗೀಮೇಲೆ ಇಲ್ಲ. ಬಟ್ಟೆ ತೆಗೆದು ಕಪಾಟಲ್ಲಿಡು. ಬಿಚ್ಚದೇ ಇರೋ ಚೀಲ ಮನೇಲಿದ್ರೆ ನನಗೆ ನಿದ್ದೆ ಬರಲ್ಲ."

ಅಮ್ಮ ಕತ್ತಲಲ್ಲೇ ಒಲೆ ಹಚ್ಚಿ ಚಹಾಕ್ಕಿಟ್ಟಳು. ಕಾಗದ ಸರಸರ ಎಂದಿತು, ಬನ್ನು ಹುಡುಕಿಕೊಂಡಿದ್ದಳು. ಪಾಲಕ್ಕ ಅಭ್ಯಾಸಬಲದಿಂದ "ಕೊಡು, ನಾನು ಕತ್ತರಿಸ್ತೀನಿ" ಎಂದು ಕೈಚಾಚಿದಳು. ಅಮ್ಮ ಆ ಕೈಯನ್ನು ಸರಿಸಿ, ಬೆರಳಲ್ಲೇ ಬನ್ನನ್ನು ಮುರಿದು ಒಂದು ತುಂಡನ್ನು ಅಂಗೈಯಲ್ಲಿಟ್ಟಳು. ಒಲೆಯ ಬೆಳಕಿಗೆ ಹಿಡಿಯುವುದೂ ಬೇಕಿರಲಿಲ್ಲ, ಹಂಚಿ ಹಂಚಿ ಪಳಗಿದ ಕೈಗೆ ತೂಕವೇ ಹೇಳಿತು.

"ಇದು ಸಮ ಇಲ್ಲಮ್ಮ. ನನಗೆ ಜಾಸ್ತಿ ಬಂತು."

"ಗೊತ್ತು" ಎಂದಳು ಅಮ್ಮ. "ಸಣ್ಣೋಳಾಗಿದ್ದಾಗಿಂದ ಉಳಿದ ಚೂರನ್ನೇ ತಿಂದಿದೀಯ. ತಿನ್ನು."